ರಸ್ತೆಯ ಅಪಘಾತವೂ ಗಾಯಾಳುವಿನ ಚೇತರಿಕೆಯೂ

ಕಾಲು ಮುರಿದು ಆಸ್ಪತ್ರೆಗೆ ಸೇರಿದವನ ಬಂಧುಗಳು ಶಸ್ತ್ರವೈದ್ಯರನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಡಾಕ್ಟರೇ, ಎಂದಿಗೆ ಎದ್ದು ಓಡಾಡುತ್ತಾನೆ?” ವೈದ್ಯರು ಕ್ಷಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, “ಎಲುಬು ಕೂಡುವುದಕ್ಕೆ ನಾಲ್ಕು ತಿಂಗಳು ಬೇಕು” ಎಂದು ಉತ್ತರ ಕೊಡುತ್ತಾರೆ. ಕೇಳಿದವರಿಗೆ ಸಮಾಧಾನವಾಗುತ್ತದೆ. ಆದರೆ ಪ್ರಶ್ನೆ ಒಂದು, ಉತ್ತರ ಇನ್ನೊಂದು ಎಂಬುದನ್ನು ಇಬ್ಬರೂ ಗಮನಿಸಿರುವುದಿಲ್ಲ. ಬಂಧುಗಳು ಕೇಳಿದ್ದು ಮನುಷ್ಯನ ವಿಷಯ. ವೈದ್ಯರು ಹೇಳಿದ್ದು ಎಲುಬಿನ ವಿಷಯ. ನಾಲ್ಕು ತಿಂಗಳಿಗೆ ಎಲುಬೇನೋ ಕೂಡಿಕೊಳ್ಳುತ್ತದೆ. ಅಷ್ಟಾದ ಮೇಲೂ ಒಂದೇ ಬಗೆಯ ಮುರಿತವುಳ್ಳ ಇಬ್ಬರಲ್ಲಿ ಒಬ್ಬನು ಐದನೆಯ ತಿಂಗಳಲ್ಲಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುತ್ತಾನೆ. ಇನ್ನೊಬ್ಬನು ಎರಡು ವರ್ಷ ಕಳೆದರೂ ಮನೆಯ ಜಗಲಿಯನ್ನು ಬಿಟ್ಟು ಇಳಿದಿರುವುದಿಲ್ಲ. ಈ ವ್ಯತ್ಯಾಸಕ್ಕೆ ಕಾರಣವೇನು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡಬೇಕೆಂದಿದ್ದೇವೆ.

ಸಂಗತಿ ಸಣ್ಣದಲ್ಲ. ಕೇಂದ್ರ ಸರ್ಕಾರದವರು ಪ್ರಕಟಿಸಿರುವ ಲೆಕ್ಕದಂತೆ ೨೦೨೨ನೆಯ ಇಸವಿಯಲ್ಲಿ ಭಾರತದ ರಸ್ತೆಗಳಲ್ಲಿ ೪,೬೧,೩೧೨ ಅಪಘಾತಗಳು ನಡೆದುವು. ೧,೬೮,೪೯೧ ಮಂದಿ ಮೃತಪಟ್ಟರು. ೪,೪೩,೩೬೬ ಮಂದಿ ಗಾಯಗೊಂಡರು. ಮೃತರಲ್ಲಿ ನೂರಕ್ಕೆ ೪೪ರಷ್ಟು ಮಂದಿ ಎರಡು ಚಕ್ರದ ವಾಹನಗಳಲ್ಲಿ ಹೋಗುತ್ತಿದ್ದವರು. ಸತ್ತವರ ಸಂಖ್ಯೆಯನ್ನು ವೃತ್ತಪತ್ರಿಕೆಗಳು ದಪ್ಪಕ್ಷರಗಳಲ್ಲಿ ಅಚ್ಚುಹಾಕುತ್ತವೆ. ನಾವೂ ಓದಿ ನಿಟ್ಟುಸಿರು ಬಿಡುತ್ತೇವೆ. ಆದರೆ ಗಾಯಗೊಂಡ ನಾಲ್ಕು ಲಕ್ಷಕ್ಕೂ ಮೀರಿದ ಜನರು ಏನಾದರು? ಅವರಲ್ಲಿ ಎಷ್ಟು ಮಂದಿ ತಮ್ಮ ನೇಗಿಲಿಗೆ, ಮಗ್ಗಕ್ಕೆ, ಕಚೇರಿಯ ಮೇಜಿಗೆ, ಅಡಿಗೆಯ ಒಲೆಗೆ ಹಿಂದಿರುಗಿದರು? ಈ ಲೆಕ್ಕವನ್ನು ಯಾವ ಪತ್ರಿಕೆಯೂ ಅಚ್ಚುಹಾಕುವುದಿಲ್ಲ. ಹೀಗೆ ಪೆಟ್ಟು ತಿನ್ನುವವರಲ್ಲಿ ಬಹುಮಂದಿ ದುಡಿಯುವ ವಯಸ್ಸಿನವರಾದುದರಿಂದ, ಒಬ್ಬನು ಮಲಗಿದನೆಂದರೆ ಒಂದು ಸಂಸಾರದ ಬಂಡಿಯ ಎತ್ತು ಮಲಗಿತೆಂದೇ ಅರ್ಥ.

ಚೇತರಿಕೆ ಆಸ್ಪತ್ರೆಯಲ್ಲಿ ಆರಂಭವಾಗುವುದೆಂದು ನಾವೆಲ್ಲರೂ ತಿಳಿದಿರುತ್ತೇವೆ. ವಾಸ್ತವವಾಗಿ ಅದು ಆರಂಭವಾಗತಕ್ಕದ್ದು ರಸ್ತೆಯ ಮೇಲೆಯೇ. ಅದನ್ನು ಆರಂಭಿಸತಕ್ಕವರು ದಾರಿಹೋಕರು. ನಮ್ಮ ಬೀದಿಗಳಲ್ಲಿ ಅಪಘಾತವಾದ ಒಡನೆ ಜನ ಸೇರುತ್ತಾರೆ. ಅವರ ಮನಸ್ಸಿನಲ್ಲಿ ದಯೆಗೆ ಕೊರತೆಯಿಲ್ಲ. ಒಬ್ಬನು ಬಿದ್ದವನನ್ನು ಎತ್ತಿ ಕೂರಿಸುತ್ತಾನೆ. ಇನ್ನೊಬ್ಬನು ಬಾಯಿಗೆ ನೀರು ಹುಯ್ಯುತ್ತಾನೆ. ನಾಲ್ವರು ಸೇರಿ ಕೈಕಾಲು ಹಿಡಿದು ಮೂಟೆಯಂತೆ ಆಟೋರಿಕ್ಷಾದೊಳಕ್ಕೆ ತುಂಬುತ್ತಾರೆ. ಇವು ಮೂರೂ ಒಳ್ಳೆಯ ಮನಸ್ಸಿನಿಂದ ಮಾಡುವ ಕೆಟ್ಟ ಕೆಲಸಗಳು. ಎಚ್ಚರ ತಪ್ಪಿದವನ ಬಾಯಿಗೆ ಹುಯ್ದ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಕತ್ತಿನ ಎಲುಬು ಮುರಿದಿದ್ದರೆ, ಕುತ್ತಿಗೆಗೆ ಆಸರೆಯಿಲ್ಲದೆ ಎತ್ತಿದ ಆ ಒಂದು ಕ್ಷಣದಲ್ಲಿ ಬೆನ್ನುಹುರಿ ನಜ್ಜಾಗಿ, ನಡೆದಾಡಬಹುದಾಗಿದ್ದವನು ಕೈಕಾಲಿನ ಸ್ವಾಧೀನವನ್ನೇ ಕಳೆದುಕೊಳ್ಳಬಹುದು. ರಕ್ತ ಸೋರುತ್ತಿರುವ ಕಡೆ ಶುಭ್ರವಾದ ಬಟ್ಟೆಯನ್ನಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯುವುದು, ಉಸಿರಾಟಕ್ಕೆ ಅಡ್ಡಿಯಿಲ್ಲದಂತೆ ನೋಡಿಕೊಳ್ಳುವುದು, ತಲೆಯನ್ನೂ ಕುತ್ತಿಗೆಯನ್ನೂ ಮುಂಡವನ್ನೂ ಒಂದೇ ನೇರದಲ್ಲಿಟ್ಟು ಹಲಗೆಯಂಥ ಗಟ್ಟಿ ಆಧಾರದ ಮೇಲೆ ಸಾಗಿಸುವುದು, ಇಷ್ಟು ಸಾಕು. ಇನ್ನೊಂದು ಮಾತನ್ನೂ ಹೇಳಬೇಕು: ಬಿದ್ದವನ ಬಾಯಲ್ಲಿ ಹೆಂಡದ ವಾಸನೆ ಬಂದಿತೆಂದರೆ ಜನರು “ಕುಡಿದು ಬಿದ್ದಿದ್ದಾನೆ, ಇಳಿದ ಮೇಲೆ ಎದ್ದುಕೊಳ್ಳುತ್ತಾನೆ” ಎಂದು ಹೊರಟುಬಿಡುತ್ತಾರೆ. ಕುಡಿದವನ ತಲೆಯೊಳಗೂ ರಕ್ತ ಸೋರಬಹುದು. ಅಮಲಿಗೂ ಮಿದುಳಿನ ಪೆಟ್ಟಿಗೂ ಹೊರಗಿನ ಲಕ್ಷಣಗಳು ಒಂದನ್ನೊಂದು ಹೋಲುವುದರಿಂದ, ಅಂಥವನನ್ನೇ ಎಲ್ಲರಿಗಿಂತ ಮೊದಲು ಆಸ್ಪತ್ರೆಗೆ ಸಾಗಿಸಬೇಕು.

ಅಮೆರಿಕದ ಬಾಲ್ಟಿಮೋರ್ ನಗರದ ಶಸ್ತ್ರವೈದ್ಯ ಆಡಮ್ಸ್ ಕೌಲಿ ಎಂಬವರು ‘ಸುವರ್ಣ ಗಂಟೆ’ ಎಂಬ ಮಾತನ್ನು ಪ್ರಚಾರಕ್ಕೆ ತಂದರು. ತೀವ್ರವಾದ ಪೆಟ್ಟು ಬಿದ್ದ ಮೊದಲ ಗಂಟೆಯೊಳಗೆ ಚಿಕಿತ್ಸೆ ದೊರೆತರೆ ಜೀವ ಉಳಿಯುವ ಸಂಭವ ಹೆಚ್ಚೆಂಬುದು ಅದರ ತಾತ್ಪರ್ಯ. ಅರುವತ್ತನೆಯ ನಿಮಿಷದಲ್ಲಿ ಬದುಕುವವನು ಅರುವತ್ತೊಂದನೆಯ ನಿಮಿಷದಲ್ಲಿ ಸಾಯುತ್ತಾನೆಂದು ಇದರ ಅರ್ಥವಲ್ಲ. ಗೆರೆ ಅಷ್ಟು ಖಚಿತವಾಗಿಲ್ಲ. ಆದರೆ ಕಾಲ ಕಳೆದಷ್ಟೂ ಕೆಡುಕೆಂಬುದಕ್ಕೆ ಬೇರೆ ದೃಢವಾದ ಪ್ರಮಾಣಗಳುಂಟು. ೧೯೬೨ರಲ್ಲಿ ಜಪಾನಿನ ಒಕಾಮೋಟೊ ದಂಪತಿಗಳು ಪ್ರಕಟಪಡಿಸಿದ ಟ್ರಾನೆಕ್ಸಾಮಿಕ್ ಆಮ್ಲವೆಂಬ ಔಷಧ, ಹೆಪ್ಪುಗಟ್ಟಿದ ರಕ್ತ ಮತ್ತೆ ಕರಗಿಹೋಗದಂತೆ ತಡೆಯುವ ಗುಣವುಳ್ಳದ್ದು, ಬೆಲೆಯೂ ಸುಲಭ. ಇದನ್ನು ೪೦ ದೇಶಗಳ ೨೭೪ ಆಸ್ಪತ್ರೆಗಳಲ್ಲಿ ೨೦,೨೧೧ ಮಂದಿ ಗಾಯಾಳುಗಳ ಮೇಲೆ ಪರೀಕ್ಷಿಸಿ, ೨೦೧೦ರಲ್ಲಿ ಫಲವನ್ನು ಪ್ರಕಟಿಸಿದರು. ಈ ಪರೀಕ್ಷೆಗೆ ಒಳಗಾದವರಲ್ಲಿ ಭಾರತದವರೇ ಎಲ್ಲ ದೇಶದವರಿಗಿಂತ ಹೆಚ್ಚು. ಔಷಧ ಪಡೆಯದ ಗುಂಪಿನಲ್ಲಿ ನೂರಕ್ಕೆ ೧೬ ಮಂದಿ ಸತ್ತರೆ, ಪಡೆದ ಗುಂಪಿನಲ್ಲಿ ೧೪.೫ ಮಂದಿ. ವಿಶೇಷವೇನೆಂದರೆ, ಇದರ ಗುಣವೆಲ್ಲ ಪೆಟ್ಟು ಬಿದ್ದ ಮೂರು ಗಂಟೆಯೊಳಗೇ ಸರಿ. ಆಮೇಲೆ ಕೊಟ್ಟರೆ ಪ್ರಯೋಜನವಿಲ್ಲದಿರುವುದು ಮಾತ್ರವಲ್ಲ, ಕೇಡೂ ಆಗಬಹುದು. ಅದೇ ಸೂಜಿ, ಅದೇ ಮದ್ದು. ದಾರಿಯಲ್ಲಿ ಕಳೆದ ಹೊತ್ತು ಅದರ ಫಲವನ್ನೇ ತಿರುಗಿಸಿಬಿಡುತ್ತದೆ. ತಲೆಗೆ ತೀವ್ರವಾದ ಪೆಟ್ಟು ಬಿದ್ದವರ ವಿಷಯದಲ್ಲಿಯೂ ಹೀಗೆಯೇ: ಮೊದಲ ಹೊತ್ತಿನಲ್ಲಿ ಒಂದು ಬಾರಿಯಾದರೂ ರಕ್ತದ ಒತ್ತಡ ಬಹಳ ಇಳಿದುಹೋದವರಲ್ಲಿ ಸಾವಿನ ಪ್ರಮಾಣ ಎರಡರಷ್ಟಕ್ಕೂ ಮೀರಿತ್ತೆಂದು ೧೯೯೩ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ.

ಸರಳವಾದ ಆರೈಕೆ ಎಷ್ಟು ದೊಡ್ಡ ಫಲವನ್ನು ಕೊಡುವುದೆಂಬುದಕ್ಕೆ ಹಳೆಯ ನಿದರ್ಶನವೊಂದುಂಟು. ಒಂದನೆಯ ಮಹಾಯುದ್ಧದ ಆರಂಭದಲ್ಲಿ ಬ್ರಿಟಿಷ್ ಸೇನೆಯಲ್ಲಿ ತೊಡೆಯ ಎಲುಬು ಮುರಿದು ಹೊರಗೆ ಗಾಯವಾದ ಸಿಪಾಯಿಗಳಲ್ಲಿ ನೂರಕ್ಕೆ ೮೦ರಷ್ಟು ಮಂದಿ ಸಾಯುತ್ತಿದ್ದರು. ಹ್ಯೂ ಓವನ್ ಥಾಮಸ್ ಎಂಬ ವೈದ್ಯ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಂಡುಹಿಡಿದಿದ್ದ, ಒಂದು ಬಳೆ, ಎರಡು ಕಂಬಿಗಳುಳ್ಳ ಆಸರೆಯನ್ನು ಅವರ ಸೋದರಳಿಯ ಸರ್ ರಾಬರ್ಟ್ ಜೋನ್ಸ್ ಯುದ್ಧರಂಗಕ್ಕೆ ತರಿಸಿದರು. ಗಾಯಾಳುವನ್ನು ಮೇಲಕ್ಕೆತ್ತುವ ಮೊದಲೇ ಕಾಲನ್ನು ಎಳೆದು ಅದರಲ್ಲಿ ಕಟ್ಟುವ ಪದ್ಧತಿ ರೂಢಿಯಾದ ಮೇಲೆ, ಯುದ್ಧ ಮುಗಿಯುವುದರೊಳಗೆ ಸಾವಿನ ಸಂಖ್ಯೆ ನೂರಕ್ಕೆ ೨೦ಕ್ಕಿಂತಲೂ ಕೆಳಗಿಳಿಯಿತು. ಮುರಿದ ಅಂಗವನ್ನು ಅಲುಗಾಡದಂತೆ ಕಟ್ಟಿಕೊಂಡು ಹೋದರೆ ನೋವು ತಗ್ಗುತ್ತದೆ, ರಕ್ತ ಉಳಿಯುತ್ತದೆ. ಇದಕ್ಕೆ ಬೇಕಾದದ್ದು ಒಂದು ದಬ್ಬೆ, ಒಂದು ಪಂಚೆ, ಸ್ವಲ್ಪ ತಿಳಿವಳಿಕೆ.

ಆದರೆ ನಮ್ಮ ದೇಶದಲ್ಲಿ ದಾರಿಹೋಕನ ಕೈಯನ್ನು ಬಹುಕಾಲ ಹಿಡಿದಿದ್ದದ್ದು ಅಜ್ಞಾನಕ್ಕಿಂತ ಹೆಚ್ಚಾಗಿ ಭಯ. ಪೋಲೀಸು ಠಾಣೆಗೆ ಅಲೆಯಬೇಕಾದೀತು, ಸಾಕ್ಷಿ ಹೇಳಬೇಕಾದೀತು, ಆಸ್ಪತ್ರೆಯವರು ಹಣ ಕಟ್ಟೆಂದು ಕೂರಿಸಿಯಾರು ಎಂಬ ಶಂಕೆಯಿಂದ ಸಜ್ಜನರೂ ಮುಖ ತಿರುಗಿಸಿ ನಡೆಯುತ್ತಿದ್ದರು. ಗಾಯಾಳು ಬಂದಾಗ ಯಾವ ವೈದ್ಯನಾದರೂ ಮೊದಲು ಜೀವ ಉಳಿಸತಕ್ಕದ್ದು, ಕಾನೂನಿನ ವಿಧಿಗಳೆಲ್ಲ ಆಮೇಲೆ ಎಂದು ಸರ್ವೋಚ್ಚ ನ್ಯಾಯಾಲಯವು ೧೯೮೯ರಲ್ಲಿಯೇ ತೀರ್ಪು ಕೊಟ್ಟಿತು. ೨೦೧೬ರ ಮಾರ್ಚಿಯಲ್ಲಿ ಸಹಾಯ ಮಾಡಿದವರ ರಕ್ಷಣೆಗಾಗಿ ಕೇಂದ್ರ ಸರ್ಕಾರ ರಚಿಸಿದ್ದ ನಿಯಮಗಳಿಗೆ ಅದೇ ನ್ಯಾಯಾಲಯದ ಮುದ್ರೆ ಬಿದ್ದಿತು. ಕರ್ನಾಟಕದ ಶಾಸನಸಭೆಯೂ ಇದಕ್ಕಾಗಿಯೇ ಒಂದು ಕಾಯಿದೆಯನ್ನು ಮಾಡಿತು. ೨೦೧೯ರಲ್ಲಿ ಮೋಟಾರು ವಾಹನಗಳ ಕಾಯಿದೆಗೇ ೧೩೪-ಎ ಎಂಬ ಕಲಮನ್ನು ಸೇರಿಸಿದರು. ಇವುಗಳಂತೆ, ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದವನು ತನ್ನ ಹೆಸರನ್ನು ಹೇಳಲೇಬೇಕೆಂಬ ಬಲವಂತವಿಲ್ಲ. ಖರ್ಚಿಗೆ ಅವನು ಹೊಣೆಯೂ ಅಲ್ಲ. ೨೦೦೮ರಿಂದ ಕರ್ನಾಟಕದಲ್ಲಿ ೧೦೮ ಎಂಬ ಸಂಖ್ಯೆಗೆ ಕರೆಮಾಡಿದರೆ ಆಂಬುಲೆನ್ಸ್ ಬರುವ ಏರ್ಪಾಡಿದೆ. ೨೦೨೫ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು, ಅಪಘಾತವಾದ ದಿನದಿಂದ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಗಳ ಮಿತಿಯೊಳಗೆ, ಕೈಯಿಂದ ಹಣ ತೆರದೆ ಚಿಕಿತ್ಸೆ ಪಡೆಯುವ ಯೋಜನೆಯನ್ನು ಪ್ರಕಟಿಸಿತು. ಕೇಳುತ್ತಿರುವ ಮಹನೀಯರು ಈ ಒಂದು ಪ್ಯಾರಾವನ್ನಾದರೂ ತಮ್ಮ ಮನೆಯ ಕಾರು ಚಾಲಕರಿಗೆ ತಿಳಿಸಿದರೆ ಉಪಕಾರವಾದೀತು.

ಇನ್ನು ಆಸ್ಪತ್ರೆಯ ಒಳಕ್ಕೆ ಬರೋಣ. ಹಿಂದಿನ ಕಾಲದಲ್ಲಿ ತೊಡೆಯ ಎಲುಬು ಮುರಿದವನನ್ನು ಮಂಚದ ತುದಿಗೆ ತೂಕ ಕಟ್ಟಿ ಎರಡು ಮೂರು ತಿಂಗಳು ಮಲಗಿಸಿಡುತ್ತಿದ್ದರು. ಎಲುಬು ಕೂಡುತ್ತಿತ್ತು, ಆದರೆ ಅಷ್ಟರೊಳಗೆ ಮೊಣಕಾಲು ಬಿಗಿದು ಮರದಂತಾಗುತ್ತಿತ್ತು, ಮಾಂಸ ಕರಗುತ್ತಿತ್ತು, ಬೆನ್ನಿನ ಮೇಲೆ ಹುಣ್ಣು ಬೀಳುತ್ತಿತ್ತು. ಜರ್ಮನಿಯ ಕೀಲ್ ನಗರದ ಗೆರ್ಹಾರ್ಟ್ ಕುಂಟ್ಷೆರ್ ಎಂಬ ಶಸ್ತ್ರವೈದ್ಯ ೧೯೩೯ರಲ್ಲಿ ಎಲುಬಿನ ಮಜ್ಜೆಯ ಕೊಳವೆಯೊಳಗೇ ಉಕ್ಕಿನ ಸರಳನ್ನು ಹೊಡೆದು ಮುರಿದ ತುಂಡುಗಳನ್ನು ನಿಲ್ಲಿಸುವ ಕ್ರಮವನ್ನು ಬಳಕೆಗೆ ತಂದರು. ಇದರ ದೊಡ್ಡ ಉಪಕಾರ ಎಲುಬಿಗಿಂತಲೂ ಸುತ್ತಣ ಅಂಗಗಳಿಗೆ ಆಯಿತು: ರೋಗಿ ಕೆಲವೇ ದಿನಗಳಲ್ಲಿ ಎದ್ದು ಕುಳಿತು ಮೊಣಕಾಲನ್ನು ಮಡಿಸಬಹುದಾಯಿತು. ಆದರೂ ನಮ್ಮಲ್ಲಿ ಶಸ್ತ್ರಚಿಕಿತ್ಸೆಗೆ ಸಾಲ ಮಾಡಿ ಹಣ ತರುವವರು, ಆಮೇಲಿನ ಅಂಗಸಾಧನೆಯನ್ನು ಅನಾವಶ್ಯಕವೆಂದು ಬಿಟ್ಟುಬಿಡುವುದುಂಟು. ನೋವಾಗುತ್ತದೆಂದು ಮಗ ಅಳುತ್ತಾನೆ. ತಾಯಿ, “ಪಾಪ, ಇವತ್ತು ಬೇಡ” ಎನ್ನುತ್ತಾಳೆ. ಇವತ್ತು ಬೇಡವೆಂಬ ಮಾತು ಮೂರು ವಾರ ನಡೆದರೆ ಮಂಡಿ ಅರ್ಧಕ್ಕೇ ನಿಂತುಹೋಗುತ್ತದೆ.

ಮುಂದೆ ಹೇಳುವ ಸಂಶೋಧನೆ ಈ ಪ್ರಸ್ತಾಪಕ್ಕೆಲ್ಲ ನಡುಗಂಬದಂತಿದೆ. ಕಾಲು ತೀರ ಜಜ್ಜಿಹೋದಾಗ ಅದನ್ನು ಹಲವು ಶಸ್ತ್ರಚಿಕಿತ್ಸೆಗಳಿಂದ ಉಳಿಸಿಕೊಡುವುದು ಮೇಲೋ, ಕತ್ತರಿಸಿ ಕೃತಕ ಕಾಲನ್ನು ಜೋಡಿಸುವುದು ಮೇಲೋ ಎಂಬುದು ಶಸ್ತ್ರವೈದ್ಯರಲ್ಲಿ ಬಹುಕಾಲದ ವಿವಾದ. ಅಮೆರಿಕದ ಎಂಟು ದೊಡ್ಡ ಆಸ್ಪತ್ರೆಗಳವರು ಕೂಡಿ ಇಂಥ ೫೬೯ ಮಂದಿಯನ್ನು ಎರಡು ವರ್ಷ ಬೆಂಬಿಡದೆ ಗಮನಿಸಿ ೨೦೦೨ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಕಾಲು ಉಳಿದವರ ಸ್ಥಿತಿಗೂ ಹೋದವರ ಸ್ಥಿತಿಗೂ ಒಟ್ಟಿನಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಎರಡು ಗುಂಪಿನಲ್ಲಿಯೂ ಕೆಲಸಕ್ಕೆ ಹಿಂದಿರುಗಿದವರು ಸುಮಾರು ಅರ್ಧದಷ್ಟು ಮಂದಿ ಮಾತ್ರ. ಹಾಗಾದರೆ ಅಂತರವನ್ನು ಉಂಟುಮಾಡಿದ್ದು ಯಾವುದು? ಮತ್ತೆ ಮತ್ತೆ ಆಸ್ಪತ್ರೆಗೆ ಸೇರಬೇಕಾಗಿ ಬಂದವರು, ಓದು ಕಡಮೆಯಿದ್ದವರು, ಬಡವರು, ವಿಮೆಯಿಲ್ಲದವರು, ತಂಬಾಕು ಸೇದುವವರು, ಬಂಧುಮಿತ್ರರ ಬೆಂಬಲ ಇಲ್ಲದವರು, ಪರಿಹಾರಕ್ಕಾಗಿ ವ್ಯಾಜ್ಯದಲ್ಲಿ ಸಿಕ್ಕಿಕೊಂಡವರು, ‘ನನ್ನಿಂದ ಆಗುತ್ತದೆ’ ಎಂಬ ನೆಚ್ಚಿಕೆ ಕುಂದಿದವರು, ಇವರೇ ಹಿಂದೆ ಬಿದ್ದವರು. ಕಾಲು ಇದೆಯೋ ಇಲ್ಲವೋ ಎಂಬುದಕ್ಕಿಂತ ಆ ಕಾಲಿನ ಯಜಮಾನನು ಯಾವ ಮನೆಗೆ, ಯಾವ ಮನಸ್ಸಿನಿಂದ ಹಿಂದಿರುಗಿದನೆಂಬುದು ಹೆಚ್ಚು ಮುಖ್ಯವಾಯಿತು. ಶಸ್ತ್ರವೈದ್ಯರೇ ಮಾಡಿದ ಪರೀಕ್ಷೆಯಿಂದ ಹೊರಟ ಮಾತಾದುದರಿಂದ ಇದಕ್ಕೆ ತೂಕ ಹೆಚ್ಚು.

ನಮ್ಮ ಮನೆಗಳ ವಿಷಯವನ್ನೇ ನೋಡೋಣ. ಗಾಯವಾದವನ ಊಟದಲ್ಲಿ ನಮ್ಮವರಿಗೆ ‘ನಂಜಿ’ನ ಭಯ. ಬದನೆಕಾಯಿ ನಂಜು, ಕುಂಬಳ ನಂಜು, ಬೇಳೆ ನಂಜು, ಮೊಟ್ಟೆಯಂತೂ ಮಹಾ ನಂಜು. ಕೊನೆಗೆ ರೋಗಿಗೆ ಉಳಿಯುವುದು ಗಂಜಿ, ತಿಳಿಸಾರು, ಬ್ರೆಡ್ಡು. ಹುಣ್ಣು ಮಾಯುವುದಕ್ಕೂ ಎಲುಬು ಬೆಳೆಯುವುದಕ್ಕೂ ಮಾಂಸವರ್ಧಕ ಆಹಾರ ಸಾಮಾನ್ಯ ದಿನಗಳಿಗಿಂತ ಹೆಚ್ಚು ಬೇಕು. ಬೇಳೆ, ಹಾಲು, ಮೊಸರು, ಮೊಳಕೆ ಕಾಳು, ತಿನ್ನುವವರಿಗೆ ಮೊಟ್ಟೆ, ಮೀನು, ಇವನ್ನು ಕಿತ್ತುಕೊಂಡು ಗಾಯ ಮಾಯಲೆಂದು ಹರಸಿಕೊಳ್ಳುವುದು, ಇಟ್ಟಿಗೆ ಕೊಡದೆ ಗೋಡೆ ಕಟ್ಟೆಂದಂತೆ. ನಮ್ಮ ರಾಗಿಯಲ್ಲಿ ನೂರು ಗ್ರಾಂಗೆ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದೆ. ಧಾನ್ಯಗಳಲ್ಲಿ ಇದಕ್ಕೆ ಸಮನಿಲ್ಲ. ಆದರೆ ಬರಿಯ ರಾಗಿಯ ಗಂಜಿಯಿಂದಲೂ ಕೆಲಸ ಸಾಗದು. ಜತೆಗೆ ಬೇಳೆಯೋ ಹಾಲೋ ಇರಲೇಬೇಕು. ಬೀಡಿ ಸಿಗರೇಟುಗಳ ಹೊಗೆ ಎಲುಬಿಗೆ ಹೋಗುವ ರಕ್ತವನ್ನು ಕುಗ್ಗಿಸಿ ಕೂಡುವಿಕೆಯನ್ನು ತಡಮಾಡುತ್ತದೆ. ನೋಡಲು ಬರುವ ಸ್ನೇಹಿತರು ದಿಂಬಿನ ಕೆಳಗೆ ಸಿಗರೇಟನ್ನು ಸಿಕ್ಕಿಸಿ ಹೋಗುವುದು ಸ್ನೇಹವಲ್ಲ. ಸಕ್ಕರೆ ರೋಗವುಳ್ಳವರು ರಕ್ತದಲ್ಲಿನ ಸಕ್ಕರೆಯನ್ನು ಹತೋಟಿಯಲ್ಲಿಡದಿದ್ದರೆ ಗಾಯ ಕೀವು ಹಿಡಿಯುವ ಸಂಭವ ಹೆಚ್ಚು.

ಇನ್ನೊಂದು ಸಣ್ಣ ಸಂಗತಿ, ಆದರೆ ಎಷ್ಟೋ ಮಂದಿಯನ್ನು ಸೋಲಿಸಿದ್ದು: ಮನೆಯ ಪಾಯಿಖಾನೆ. ಕಾಲು ಮುರಿದವನು ಕುಕ್ಕರಗಾಲಿನಲ್ಲಿ ಕೂರಲಾರ. ಎತ್ತರದ ಆಸನವಿಲ್ಲದ ಮನೆಯಲ್ಲಿ ಅವನು ನಾಚಿಕೆಯಿಂದ ಊಟವನ್ನೇ ಕಡಮೆ ಮಾಡುತ್ತಾನೆ, ನೀರನ್ನು ಬಿಡುತ್ತಾನೆ. ಅದರಿಂದ ಮಲಬದ್ಧತೆ, ಬಳಲಿಕೆ, ಬೇಸರ. ನಡುವೆ ರಂಧ್ರವಿರುವ ಒಂದು ಕುರ್ಚಿಯನ್ನು ಬಡಗಿಯಿಂದ ಮಾಡಿಸಿದರೆ ಈ ಕಷ್ಟ ತೀರುತ್ತದೆ. ಇಂಥದ್ದನ್ನು ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನದ ಚೀಟಿಯಲ್ಲಿ ಯಾರೂ ಬರೆಯುವುದಿಲ್ಲ.

ಇಲ್ಲಿ ನಾಟಿ ಕಟ್ಟಿನ ಮಾತನ್ನೂ ಆಡಬೇಕು. ಆಂಧ್ರದ ಪುತ್ತೂರಿನ ಕಟ್ಟು ಬೆಂಗಳೂರಿನವರಿಗೂ ಪರಿಚಿತವೇ. ವಿದ್ಯಾವಂತರು ಇದನ್ನು ಹಾಸ್ಯ ಮಾಡುವುದು ಸುಲಭ. ಆದರೆ ಜನ ಅಲ್ಲಿಗೆ ಹೋಗುವುದು ಮೂಢತನವೊಂದರಿಂದಲೇ ಅಲ್ಲ; ಖರ್ಚು ಕಡಮೆ, ಮಾತು ಮೃದು, ಕತ್ತಿಯ ಭಯವಿಲ್ಲ, ಅದೇ ದಿನ ಮನೆಗೆ ಹಿಂದಿರುಗಬಹುದು. ಸರಿದಿರದ ಸಣ್ಣ ಮುರಿತಗಳು ಯಾವ ಕಟ್ಟಿನಿಂದಲಾದರೂ ಕೂಡುತ್ತವೆ. ಅಪಾಯವಿರುವುದು ಹೊರಗೆ ಗಾಯವುಳ್ಳ ಮುರಿತಗಳಲ್ಲಿ, ಕೀಲಿನೊಳಗಣ ಮುರಿತಗಳಲ್ಲಿ, ಮತ್ತು ಬಿಗಿಯಾದ ಕಟ್ಟಿನಲ್ಲಿ. ಕಟ್ಟು ಯಾರದೇ ಆಗಲಿ, ಬೆರಳುಗಳು ತಣ್ಣಗಾದರೆ, ಜೋಮು ಹಿಡಿದರೆ, ನೀಲಿಯಾದರೆ, ಅಥವಾ ನೋವು ಗಂಟೆಗಂಟೆಗೂ ಏರುತ್ತಿದ್ದರೆ ಅದನ್ನು ಕೂಡಲೇ ಸಡಿಲಿಸಿ ಆಸ್ಪತ್ರೆಗೆ ಧಾವಿಸಬೇಕು. ಬೆಳಗಾಗಲಿ ಎಂದು ಕಾದು ಕೈಯನ್ನೇ ಕಳೆದುಕೊಂಡ ಮಕ್ಕಳುಂಟು.

ತಲೆಯ ಪೆಟ್ಟಿನ ಚೇತರಿಕೆ ಬೇರೆಯೇ ತೆರನಾದದ್ದು. ಕಾಲು ಮುರಿದವನಿಗೆ ಊರುಗೋಲು ಸಾಕ್ಷಿ ಹೇಳುತ್ತದೆ. ಮಿದುಳು ನೊಂದವನಿಗೆ ಹೊರಗೆ ಯಾವ ಸಾಕ್ಷಿಯೂ ಇಲ್ಲ. ಗ್ಲಾಸ್ಗೋ ನಗರದ ಟೀಸ್‌ಡೇಲ್, ಜೆನೆಟ್ ಎಂಬವರು ೧೯೭೪ರಲ್ಲಿ, ಕಣ್ಣು ತೆರೆಯುವುದು, ಮಾತಾಡುವುದು, ಅಂಗಗಳನ್ನು ಅಲುಗಿಸುವುದು ಈ ಮೂರನ್ನು ನೋಡಿ ಎಚ್ಚರದ ಮಟ್ಟವನ್ನು ಅಳೆಯುವ ಕ್ರಮವನ್ನು ರೂಪಿಸಿದರು. ಲೋಕದ ಆಸ್ಪತ್ರೆಗಳೆಲ್ಲ ಅದನ್ನು ಬಳಸುತ್ತವೆ. ಆದರೆ ಮುಂದಿನ ಗುಣವನ್ನು ಊಹಿಸುವುದಕ್ಕೆ ಇದಕ್ಕಿಂತ ಹಳೆಯ ಅಳತೆಯೊಂದುಂಟು. ಬ್ರಿಟನ್ನಿನ ನರವೈದ್ಯ ರಿಚಿ ರಸೆಲ್ ೧೯೩೨ರಲ್ಲಿಯೇ ಗಮನಿಸಿದಂತೆ, ಪೆಟ್ಟು ಬಿದ್ದ ಮೇಲೆ ದಿನದಿನದ ನೆನಪು ಎಡೆಬಿಡದೆ ನಿಲ್ಲುವವರೆಗೆ ಎಷ್ಟು ಕಾಲ ಹಿಡಿಯಿತೆಂಬುದೇ ಆ ಅಳತೆ. ಕೆಲವು ಗಂಟೆಗಳಾದರೆ ಗುಣ ಬೇಗ, ವಾರಗಳಾದರೆ ನಿಧಾನ. ಇಂಥವನು ಮನೆಗೆ ಬಂದ ಮೇಲೆ ಸಣ್ಣ ಮಾತಿಗೆ ಸಿಡುಕುತ್ತಾನೆ, ಹೇಳಿದ್ದನ್ನು ಮರೆಯುತ್ತಾನೆ, ಮಕ್ಕಳ ಗದ್ದಲವನ್ನು ಸಹಿಸಲಾರ, ಹೊತ್ತಲ್ಲದ ಹೊತ್ತಿನಲ್ಲಿ ಮಲಗುತ್ತಾನೆ. “ಆಸ್ಪತ್ರೆಯಲ್ಲಿ ಕೂತು ತಿಂದು ಸೋಮಾರಿಯಾದ” ಎಂದು ಅಣ್ಣತಮ್ಮಂದಿರು ಆಡಿಕೊಳ್ಳುತ್ತಾರೆ. ಹೆಂಡತಿ ಮಾತ್ರ, “ಇವರು ಮೊದಲಿನವರಲ್ಲ” ಎಂದು ಒಳಗೊಳಗೇ ಅಳುತ್ತಾಳೆ. ಇದು ಸ್ವಭಾವದೋಷವಲ್ಲ, ಗಾಯದ ಲಕ್ಷಣ. ಮೊದಲ ಆರು ತಿಂಗಳಲ್ಲಿ ಬಹುಭಾಗ ಸುಧಾರಿಸಿ, ಆಮೇಲೂ ಒಂದೆರಡು ವರ್ಷ ನಿಧಾನವಾಗಿ ಸುಧಾರಿಸುತ್ತ ಹೋಗುವುದು ಎಂಬಷ್ಟನ್ನು ಯಾರಾದರೂ ಮನೆಯವರಿಗೆ ಕುಳ್ಳಿರಿಸಿ ಹೇಳಿದರೆ ಎಷ್ಟೋ ಸಂಸಾರಗಳು ಒಡೆಯದೆ ಉಳಿದಾವು.

ಮನಸ್ಸಿನ ಗಾಯ ತಲೆಗೆ ಪೆಟ್ಟು ಬೀಳದವರಿಗೂ ಆಗುವುದುಂಟು. ರಾತ್ರಿ ಲಾರಿಯ ದೀಪಗಳು ಕನಸಿನಲ್ಲಿ ಎದುರಾಗುವುದು, ಹಾರನ್ ಕೇಳಿದರೆ ಬೆಚ್ಚುವುದು, ಆ ವೃತ್ತದ ಕಡೆ ಹೋಗದೆ ಸುತ್ತಿ ಬಳಸಿ ಹೋಗುವುದು, ಇವು ಮೊದಲ ಕೆಲವು ವಾರಗಳಲ್ಲಿ ಸಹಜ. ಬಹುಮಂದಿಯಲ್ಲಿ ತಾವಾಗಿಯೇ ಅಡಗುತ್ತವೆ. ತಿಂಗಳು ಮೀರಿದರೂ ಅಡಗದಿದ್ದರೆ ಮನೋವೈದ್ಯರನ್ನು ಕಾಣಬೇಕು. ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಆದರೆ ಮೊದಲ ದಿನಗಳಲ್ಲೇ ಒತ್ತಾಯದಿಂದ ಕಥೆ ಹೇಳಿಸುವುದು ಹಿತವಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ, ಅಪಘಾತದಿಂದ ಆಸ್ಪತ್ರೆಗೆ ಸೇರಿದವರಲ್ಲಿ ಕೆಲವರನ್ನು ಆರಿಸಿ, ತರಬೇತಾದವರಿಂದ ಸುಮಾರು ಒಂದು ಗಂಟೆಯ ಕಾಲ ನಡೆದುದನ್ನೆಲ್ಲ ಹೇಳಿಸಿ ಸಂತೈಸಿದರು. ಉಳಿದವರನ್ನು ಹಾಗೆಯೇ ಬಿಟ್ಟರು. ಮೂರು ವರ್ಷಗಳ ಮೇಲೆ ನೋಡಿ ೨೦೦೦ದಲ್ಲಿ ಪ್ರಕಟಿಸಿದ ಫಲವು ವಿಚಿತ್ರವಾಗಿತ್ತು: ಸಂತೈಸಿಕೊಂಡವರ ಸ್ಥಿತಿಯೇ ಕೆಟ್ಟದಾಗಿತ್ತು. ಮೊದಲಿನಿಂದ ಹೆಚ್ಚು ಕಳವಳಪಟ್ಟವರು, ಹಾಗೆಯೇ ಬಿಟ್ಟಾಗ ಚೇತರಿಸಿಕೊಂಡರು, ಹೇಳಿಸಿದಾಗ ಚೇತರಿಸಿಕೊಳ್ಳಲಿಲ್ಲ. ತರಬೇತಾದವರ ಕೈಯಲ್ಲಿಯೇ ಹೀಗಾದರೆ, ಕಿತ್ತಳೆಹಣ್ಣನ್ನು ಹಿಡಿದು ಸರದಿಯ ಮೇಲೆ ಬಂದು “ಹೇಗಾಯಿತು, ಹೇಳು” ಎಂದು ಕೇಳಿ, ಕೇಳಿದ ಮೇಲೆ “ನಮ್ಮ ಷಡ್ಡಕನಿಗೂ ಹೀಗೆಯೇ ಆಗಿತ್ತು, ಎಂಟನೆಯ ದಿನ ಹೋಗಿಬಿಟ್ಟ” ಎಂದು ಮುಗಿಸುವ ನಮ್ಮ ಬಂಧುವರ್ಗದ ಉಪಚಾರವನ್ನು ಏನೆನ್ನೋಣ! ರೋಗಿ ತಾನಾಗಿ ಹೇಳಿದರೆ ಕೇಳಬೇಕು. ಇಲ್ಲವಾದರೆ ಮಳೆ ಬೆಳೆಯ ಮಾತಾಡಿ ಎದ್ದು ಬರುವುದು ಲೇಸು.

ಹಾಗೆಂದು ಮನಸ್ಸಿಗೂ ಮೈಗೂ ಸಂಬಂಧವಿಲ್ಲವೆಂದಲ್ಲ. ಹಿಂದಿನಿಂದ ಬಂದ ವಾಹನ ಗುದ್ದಿದಾಗ ತಲೆ ಹಿಂದಕ್ಕೂ ಮುಂದಕ್ಕೂ ಒಲೆದು ಕುತ್ತಿಗೆ ಉಳುಕುವುದನ್ನು ಕಾರಿನಲ್ಲಿ ಓಡಾಡುವವರು ಬಲ್ಲರು. ಹಿಂದೆ ಇದಕ್ಕೆ ಪಟ್ಟಿ ಕಟ್ಟಿ ತಿಂಗಳುಗಟ್ಟಲೆ ಅಲುಗದಂತೆ ಇಡುತ್ತಿದ್ದರು. ಕೆನಡಾದ ಕ್ವಿಬೆಕ್ ಪ್ರಾಂತದ ತಜ್ಞರ ಸಮಿತಿ ೧೯೯೫ರಲ್ಲಿ, ಆದಷ್ಟು ಬೇಗ ಎಂದಿನಂತೆ ಓಡಾಡುವುದೇ ಮೇಲೆಂದು ಸಲಹೆಮಾಡಿತು. ಅದೇ ದೇಶದ ಸಸ್ಕಾಚೆವಾನ್ ಪ್ರಾಂತದಲ್ಲಿ ಇಂಥ ಆರು ಸಾವಿರ ಮಂದಿಯನ್ನು ಪರಿಶೀಲಿಸಿ ೨೦೦೯ರಲ್ಲಿ ವರದಿ ಮಾಡಿದಂತೆ, ಬೇಗ ಗುಣವಾಗುತ್ತದೆಂದು ನಂಬಿದ್ದವರು, ಎಂದಿಗೂ ಆಗದೆಂದು ನಂಬಿದ್ದವರಿಗಿಂತ ಮೂರರಷ್ಟು ಬೇಗ ಗುಣ ಹೊಂದಿದರು. ಮೊದಲಿನ ನೋವಿನ ತಾರತಮ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಇದೇ ಫಲ. ಆದುದರಿಂದ ಮೊದಲ ವಾರದಲ್ಲಿ ವೈದ್ಯನಾಡುವ ಮಾತೂ ಒಂದು ಔಷಧವೇ. “ಇನ್ನು ಜನ್ಮದಲ್ಲಿ ಭಾರ ಎತ್ತಬೇಡ” ಎಂದು ಗಂಭೀರವಾಗಿ ನುಡಿದು ಕಳುಹಿಸುವವರು ಇದನ್ನು ನೆನೆಯಬೇಕು.

ಪರಿಹಾರದ ಹಣದ ವಿಷಯದಲ್ಲಿ ಕೊಂಚ ಎಚ್ಚರದಿಂದ ಮಾತಾಡಬೇಕು. ಅದೇ ಸಸ್ಕಾಚೆವಾನಿನಲ್ಲಿ ೧೯೯೫ರ ಜನವರಿ ೧ರಿಂದ ಕಾನೂನು ಬದ್ಲಾಯಿತು. ಅದುವರೆಗೆ ಗಾಯಾಳು ಎದುರು ಚಾಲಕನ ಮೇಲೆ ದಾವೆ ಹೂಡಿ, ಪಟ್ಟ ನೋವಿಗೆ ಇಷ್ಟೆಂದು ಕೇಳಬಹುದಾಗಿತ್ತು. ಆಮೇಲೆ ತಪ್ಪು ಯಾರದೇ ಆಗಿರಲಿ ಚಿಕಿತ್ಸೆಯ ವೆಚ್ಚವೂ ಸಂಬಳದ ನಷ್ಟವೂ ಸಲ್ಲುತ್ತಿತ್ತು, ನೋವಿಗಾಗಿ ದಾವೆ ನಿಂತಿತು. ಕುತ್ತಿಗೆ ಉಳುಕಿನ ಅರ್ಜಿಗಳು ಆರು ತಿಂಗಳಿಗೆ ಲಕ್ಷ ಜನರಿಗೆ ೪೧೭ ಇದ್ದದ್ದು ೩೦೨ಕ್ಕೆ ಇಳಿದುವು. ಅರ್ಜಿ ಮುಗಿಯಲು ಹಿಡಿಯುತ್ತಿದ್ದ ಕಾಲ ಸುಮಾರು ೪೩೩ ದಿನಗಳಿಂದ ೧೯೪ ದಿನಗಳಿಗೆ ಇಳಿಯಿತು. ಲಿಥುವೇನಿಯಾ ದೇಶದಲ್ಲಿ, ಇಂಥ ಅರ್ಜಿಗಳ ರೂಢಿಯೇ ಇಲ್ಲದ ಕಾಲದಲ್ಲಿ, ಹಿಂದಿನಿಂದ ಗುದ್ದಿಸಿಕೊಂಡ ೨೦೨ ಮಂದಿಯನ್ನು ಒಂದರಿಂದ ಮೂರು ವರ್ಷಗಳ ಮೇಲೆ ವಿಚಾರಿಸಿದಾಗ, ಅವರಲ್ಲಿ ಕುತ್ತಿಗೆನೋವು ಇತರ ಜನರಲ್ಲಿ ಇರುವಷ್ಟೇ ಇತ್ತೆಂದು ೧೯೯೬ರಲ್ಲಿ ವರದಿಯಾಯಿತು. ಇದರಿಂದ ಗಾಯಾಳುಗಳೆಲ್ಲ ಸುಳ್ಳು ನರಳುವವರೆಂದು ತೀರ್ಮಾನಿಸುವ ವಿಮಾ ಕಂಪೆನಿಯ ವಕೀಲರುಂಟು, ನಾವು ಒಪ್ಪುವುದಿಲ್ಲ. ಅರ್ಜಿ ಮುಗಿದ ಮಾತ್ರಕ್ಕೆ ನೋವು ಮುಗಿಯಿತೆನ್ನಲಾಗದು. ಹೆಚ್ಚು ನೊಂದವರೇ ಹೆಚ್ಚಾಗಿ ನ್ಯಾಯಾಲಯಕ್ಕೆ ಹೋಗುವುದೂ ಸಹಜ. ತಾನು ನೊಂದಿದ್ದೇನೆಂಬುದನ್ನು ವರ್ಷಗಟ್ಟಲೆ ಪ್ರಮಾಣದ ಮೇಲೆ ಹೇಳುತ್ತಿರಬೇಕಾದವನಿಗೆ ನೋವನ್ನು ಮರೆಯುವ ಅವಕಾಶವೇ ಇರುವುದಿಲ್ಲ ಎಂಬುದೇ ನಮಗೆ ಸರಿಯಾಗಿ ತೋರುತ್ತದೆ. ನಮ್ಮ ದೇಶದಲ್ಲಂತೂ ಪರಿಹಾರ ಬಾರದಿದ್ದರೆ ಹಸು ಮಾರಬೇಕು, ಮಗಳ ಓದು ನಿಲ್ಲಿಸಬೇಕು. ಬೇಕಾದದ್ದು ಪರಿಹಾರದ ನಿರಾಕರಣೆಯಲ್ಲ, ಶೀಘ್ರವಾದ ಪರಿಹಾರ.

ಎಷ್ಟು ಪರಿಹಾರ ಎಂಬ ಪ್ರಶ್ನೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ೨೦೧೦ರಲ್ಲಿ ಕೊಟ್ಟ ತೀರ್ಪೊಂದು, ವೈದ್ಯರೂ ಓದಿಕೊಳ್ಳಬೇಕಾದದ್ದು. ಅಂಗದ ಊನ ನೂರಕ್ಕೆ ಇಷ್ಟೆಂದು ವೈದ್ಯರು ಬರೆದುಕೊಟ್ಟ ಅಂಕವೇ ಸಂಪಾದನೆಯ ನಷ್ಟದ ಅಂಕವಲ್ಲ ಎಂದು ಅದು ವಿಧಿಸಿತು. ಎಡಗೈ ಕಳೆದುಕೊಂಡ ಬಡಗಿ ಅಥವಾ ಚಾಲಕನ ದುಡಿಮೆ ಹೆಚ್ಚು ಕಡಮೆ ಪೂರ್ತಿಯಾಗಿಯೇ ಹೋಗುತ್ತದೆ. ಅದೇ ಕೈ ಕಳೆದುಕೊಂಡ ಸರ್ಕಾರಿ ಗುಮಾಸ್ತೆಯ ಉದ್ಯೋಗ ಉಳಿಯಬಹುದು. ಆದುದರಿಂದ ಚಿಕಿತ್ಸೆಯ ಮೊದಲ ವಾರದಲ್ಲಿಯೇ ಕೇಳಿ ಬರೆದುಕೊಳ್ಳತಕ್ಕ ಪ್ರಶ್ನೆ, ಇವನು ಏನು ಕೆಲಸ ಮಾಡುತ್ತಿದ್ದನು ಎಂಬುದು. ರೇಷ್ಮೆ ನೇಯುವವನ ಪಾದಕ್ಕೆ ಬೇಕಾದ ಅಂಗಸಾಧನೆ ಬೇರೆ, ಉಪಾಧ್ಯಾಯನದು ಬೇರೆ, ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವವಳದು ಬೇರೆ. ಮಾಲೀಕರು ಒಪ್ಪಿ, ಮೊದಲು ದಿನಕ್ಕೆ ಎರಡು ಗಂಟೆ, ಕುಳಿತು ಮಾಡುವ ಕೆಲಸ, ಆಮೇಲೆ ಅರ್ಧ ದಿನ, ಆಮೇಲೆ ಪೂರ್ತಿ ಎಂದು ಮೆಟ್ಟಲು ಮೆಟ್ಟಲಾಗಿ ಕರೆದುಕೊಂಡರೆ, ಎಲುಬು ಪೂರ್ತಿ ಗಟ್ಟಿಯಾಗುವುದಕ್ಕೆ ಮೊದಲೇ ಮನುಷ್ಯ ಗಟ್ಟಿಯಾಗತೊಡಗುತ್ತಾನೆ. ದೊಡ್ಡ ಕಾರ್ಖಾನೆಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಇದು ಸಾಧ್ಯವಾದದ್ದೇ. ದಿನಗೂಲಿಯವನಿಗೆ, ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುವ ಮೋಟಾರು ಸೈಕಲ್ಲಿನ ಹುಡುಗನಿಗೆ ಅರ್ಧ ದಿನದ ಕೆಲಸವನ್ನು ಕಾದಿಡುವವರು ಯಾರೂ ಇಲ್ಲ. ಅವನು ಕೂಡದ ಎಲುಬಿನ ಮೇಲೆಯೇ ಆರನೆಯ ವಾರ ಗಾಡಿ ಹತ್ತುತ್ತಾನೆ, ಇಲ್ಲವೆ ಹತ್ತುವುದೇ ಇಲ್ಲ.